ಜರ್ಮನಿಗೆ ಹೊರಟಿರುವ ಹೊಸ ಹೆಂಡತಿಗೆ

"ಅಕ್ಕಾ, ಮದುವೆಯಾಗಿ ಎರಡು ತಿಂಗಳಾಯ್ತು. ನಮ್ಮನೆಯವರು ಮ್ಯೂನಿಕ್‌ನಲ್ಲಿ ಬ್ಲೂ ಕಾರ್ಡ್ ಮೇಲಿದ್ದಾರೆ. ನಾನು ಮುಂದಿನ ತಿಂಗಳು ಹೋಗ್ತಿದ್ದೇನೆ, ಸದ್ಯಕ್ಕೆ ಕೆಲಸ ಇಲ್ಲ. ಅಲ್ಲಿ ಹೆಂಡತಿಗೆ ಏನು ಹಕ್ಕಿರುತ್ತೆ?" ಅಂತ ಕೇಳಿದ್ದೀರಿ. ಬರುವ ಮೊದಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ನಾನು ಬಂದು ಹದಿನಾಲ್ಕು ವರ್ಷ. ಇದನ್ನೆಲ್ಲ ವಿಚಾರಿಸಿದ್ದು ನಾಲ್ಕು ವರ್ಷ ಕಳೆದ ಮೇಲೆ.

ನೀವು ಬಂದ ಕೂಡಲೇ ಕೆಲಸ ಹುಡುಕಬಹುದು. ಬ್ಲೂ ಕಾರ್ಡ್ ಅಂದರೆ ಹೆಚ್ಚು ಓದಿದ ಉದ್ಯೋಗಿಗಳಿಗೆ ಇಲ್ಲಿ ಕೊಡುವ ವಾಸದ ಪರ್ಮಿಟ್. ಬ್ಲೂ ಕಾರ್ಡ್‌ನವರ ಹೆಂಡತಿಗೆ ಕೊಡುವ ಪರ್ಮಿಟ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲ. ನಿಮ್ಮನೆಯವರ ಹೆಲ್ತ್ ಇನ್ಶೂರೆನ್ಸ್ ಸರ್ಕಾರಿ ಪದ್ಧತಿಯದಾದರೆ ಕೆಲಸ ಸಿಗುವವರೆಗೆ ನೀವೂ ಅದರಲ್ಲೇ ಸೇರುತ್ತೀರಿ, ಬೇರೆ ಕಂತು ಕಟ್ಟಬೇಕಿಲ್ಲ. ಮನೆ ನೋಡಿಕೊಂಡಿದ್ದರೂ ಕಾನೂನಿನ ಪ್ರಕಾರ ಅದು ಸಂಸಾರಕ್ಕೆ ನಿಮ್ಮ ಪಾಲಿನ ದುಡಿಮೆಯೇ.

ಮದುವೆಯಾದ ಮೇಲೆ ನೀವಿಬ್ಬರೂ ಮೊದಲು ಸಂಸಾರ ಹೂಡುವುದು ಇಲ್ಲೇ ಅಲ್ವಾ? ಹಾಗಾಗಿ ಬೇರೆ ಒಪ್ಪಂದ ಬರೆದುಕೊಳ್ಳದಿದ್ದರೆ ಆಸ್ತಿಯ ವಿಷಯಕ್ಕೆ ಜರ್ಮನಿಯ ಕಾನೂನೇ. ಅವರದು ಅವರದು, ನಿಮ್ಮದು ನಿಮ್ಮದು. ಮದುವೆಯಾದ ಮಾತ್ರಕ್ಕೆ ಅವರ ಅಕೌಂಟಿನ ಅರ್ಧ ದುಡ್ಡು ನಿಮ್ಮದಾಗುವುದಿಲ್ಲ. ಆದರೆ ವಿಚ್ಛೇದನವಾದರೆ, ಮದುವೆಯ ದಿನದಿಂದ ಯಾರ ಆಸ್ತಿ ಎಷ್ಟು ಬೆಳೆದಿದೆ ಎಂದು ನೋಡುತ್ತಾರೆ. ಜಾಸ್ತಿ ಬೆಳೆದವರು ವ್ಯತ್ಯಾಸದ ಅರ್ಧವನ್ನು ಇನ್ನೊಬ್ಬರಿಗೆ ಕೊಡಬೇಕು. ತವರಿನವರು ಕೊಟ್ಟ ಚಿನ್ನ ನಿಮ್ಮ ಆರಂಭದ ಲೆಕ್ಕಕ್ಕೆ ಸೇರುತ್ತದೆ. ಅದರ ತೂಕ, ರಸೀದಿ, ಫೋಟೊ ಈಗಲೇ ಎತ್ತಿಡಿ. ಅವರ ಸಾಲಕ್ಕೆ ನೀವು ಹೊಣೆಯಲ್ಲ. ನೀವೇ ಸಹಿ ಹಾಕಿದ್ದಕ್ಕೆ ಮತ್ತು ಮನೆಯ ದಿನನಿತ್ಯದ ಖರ್ಚಿಗೆ ಮಾತ್ರ ಇಬ್ಬರೂ ಹೊಣೆ.

ನಿಮ್ಮ ಪರ್ಮಿಟ್ ಮೊದಮೊದಲು ಗಂಡನ ಜೊತೆ ಇರುವುದನ್ನೇ ನಂಬಿಕೊಂಡಿರುತ್ತದೆ. ಇಲ್ಲಿ ಮೂರು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ ಮೇಲೆ, ದೂರವಾದರೂ ಉಳಿಯುವ ಸ್ವಂತ ಹಕ್ಕು ಬರುತ್ತದೆ. ಹೊಡೆತ ಬಡಿತ ಇದ್ದರೆ ಆ ಮೂರು ವರ್ಷ ಕಾಯಲೇಬೇಕೆಂದಿಲ್ಲ. ಇಂಥ ಹೆಂಗಸರಿಗಾಗಿ ಇರುವ ಸಹಾಯವಾಣಿ 116 016 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ನಿಮಗೆ ಅದು ಬೇಕಾಗದಿರಲಿ. ಆದರೂ ಬರೆದಿಟ್ಟುಕೊಳ್ಳಿ, ಅಕ್ಕಪಕ್ಕದ ಯಾರಿಗಾದರೂ ಬೇಕಾಗಬಹುದು.

ಇನ್ನೊಂದು ಅನುಕೂಲ 2023ರ ಜನವರಿ 1ರಿಂದ ಬಂದಿದೆ. ಒಬ್ಬರು ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿದ್ದರೆ, ಚಿಕಿತ್ಸೆಯ ವಿಷಯದಲ್ಲಿ ಇನ್ನೊಬ್ಬರು ಆರು ತಿಂಗಳವರೆಗೆ ಅವರ ಪರವಾಗಿ ತೀರ್ಮಾನ ಮಾಡಬಹುದು.

ಈಗ ನಾನು ಎಡವಿದ ವಿಷಯ ಹೇಳುತ್ತೇನೆ. ಇಲ್ಲಿ ಸಂಬಳಕ್ಕೆ 'ಸ್ಟೊಯರ್‌ಕ್ಲಾಸ್ಸೆ' ಅಂತ ತೆರಿಗೆ ದರ್ಜೆ ಇದೆ. ಗಂಡ ಹೆಂಡತಿಗೆ ತಾನಾಗಿ ಬರುವುದು ನಾಲ್ಕು-ನಾಲ್ಕು. ಇಬ್ಬರೂ ಸಹಿ ಹಾಕಿ ಕೇಳಿದರೆ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಐದು. ಮೂರರವರಿಗೆ ತೆರಿಗೆ ಕಡಿಮೆ ಹಿಡಿಯುತ್ತಾರೆ, ಐದರವರಿಗೆ ಸಿಕ್ಕಾಪಟ್ಟೆ ಹಿಡಿಯುತ್ತಾರೆ. ನಮ್ಮನೆಯವರ ಸಂಬಳ ಜಾಸ್ತಿ ಅಂತ ನಾನು ಐದಕ್ಕೆ ಒಪ್ಪಿದೆ. ಒಲೆ ಮೇಲೆ ಸಾರು ಕುದಿಯುತ್ತಿತ್ತು, ಫಾರಂ ಓದದೆ ಸುಮ್ನೆ ಸಹಿ ಹಾಕಿಬಿಟ್ಟೆ. ಮಗಳು ಹುಟ್ಟಿದಾಗ ಗೊತ್ತಾಯಿತು. ಮಗು ನೋಡಿಕೊಳ್ಳಲು ಸರ್ಕಾರ ಕೊಡುವ 'ಎಲ್ಟರ್ನ್‌ಗೆಲ್ಟ್' ಕೈಗೆ ಬರುವ ಸಂಬಳದ ಮೇಲೆ ಲೆಕ್ಕವಾಗುತ್ತದೆ. ಸಾಮಾನ್ಯವಾಗಿ ಅದರ ನೂರಕ್ಕೆ 65ರಿಂದ 67ರಷ್ಟು, ಜಾಸ್ತಿ ಅಂದರೆ ತಿಂಗಳಿಗೆ 1800 ಯೂರೊ. ನನ್ನ ಕೈಗೆ ಬರುತ್ತಿದ್ದದ್ದೇ ಕಡಿಮೆ, ಆದ್ದರಿಂದ ಅದೂ ಕಡಿಮೆ ಬಂತು. ಕೆಲಸ ಹೋದಾಗ ಸಿಗುವ ಭತ್ಯೆಯೂ ಹೀಗೇ. ಇಬ್ಬರದೂ ಸೇರಿಸಿ ವರ್ಷದ ರಿಟರ್ನ್ಸ್ ಹಾಕಿದರೆ ಒಟ್ಟು ತೆರಿಗೆ ಎರಡರಲ್ಲೂ ಒಂದೇ. ಇದನ್ನು ಆಗ ನನಗೆ ಯಾರೂ ಹೇಳಿರಲಿಲ್ಲ.

ಐದರಿಂದ ನಾಲ್ಕಕ್ಕೆ ಬರಲು ನಿಮ್ಮೊಬ್ಬರ ಅರ್ಜಿ ಸಾಕು. ಎಲ್ಟರ್ನ್‌ಗೆಲ್ಟ್ ಲೆಕ್ಕಕ್ಕೆ ಬರಬೇಕಾದರೆ ಹೆರಿಗೆ ರಜೆಗೆ ಏಳು ತಿಂಗಳು ಮೊದಲೇ ಬದಲಾಗಿರಬೇಕು. ನಿಮಗೆ ಕೆಲಸ ಇಲ್ಲದಿರುವಾಗ ಮೂರು-ಐದು ಇದ್ದರೂ ತೊಂದರೆಯಿಲ್ಲ. ಕೆಲಸದ ಆಫರ್ ಕೈಗೆ ಬಂದ ದಿನ ಅವರ ಪೇಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಕೂತು ಲೆಕ್ಕ ಹಾಕಿ.