ಅಟ್ಟವೂ ಕೋಣೆಯಾಗಲಿ, ಹೆಂಚೂ ಉಳಿಯಲಿ

ಹೆಂಚಿನ ಮನೆಯ ಅಟ್ಟವನ್ನು ವಾಸದ ಕೋಣೆ ಮಾಡಿಕೊಳ್ಳುವ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಎಸಿ, ಥರ್ಮೋಕೋಲ್, ವಿಷದ ಔಷಧಿ ಎಂದು ಹೊರಡುವ ಮೊದಲು ಮನೆಯಲ್ಲೇ ಇರುವ ಮರ, ಹೆಂಚು, ಗಾಳಿಯಿಂದ ಎಷ್ಟು ಕೆಲಸ ಆದೀತು ಎಂದು ನೋಡೋಣ.

ಪ್ರಶ್ನೆ: ನಮ್ಮದು ಮಂಗಳೂರು ಹೆಂಚಿನ ಹಳೆಯ ಮನೆ. ಅಡಕೆ ಚೀಲ ಇಡುತ್ತಿದ್ದ 12×15 ಅಡಿಯ ಅಟ್ಟವನ್ನು ಮಗಳ ಓದಿನ ಕೋಣೆ ಮಾಡಬೇಕೆಂದಿದ್ದೇವೆ. ಪಕ್ಕದ ಗೋಡೆ ನಾಲ್ಕೂವರೆ ಅಡಿ, ನಡುವೆ ಎಂಟು ಅಡಿ ಎತ್ತರ ಇದೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಅಲ್ಲಿ ಕೂರಲು ಆಗುವುದಿಲ್ಲ. ಥರ್ಮೋಕೋಲ್ ಕೂರಿಸಿ, ಪಿವಿಸಿ ಸೀಲಿಂಗ್ ಹೊಡೆದು, ಎಸಿ ಹಾಕಿಸಿ ಎನ್ನುತ್ತಾರೆ ಕಂಟ್ರಾಕ್ಟರ್. ಬೇರೆ ದಾರಿ ಇದೆಯೇ?
ಓದುಗರು, ತೀರ್ಥಹಳ್ಳಿ

ಉತ್ತರ: ಇದೆ, ಮತ್ತು ಅದು ಎಸಿಗಿಂತ ಅಗ್ಗ. ಮೊದಲು ಸೆಕೆ ಎಲ್ಲಿಂದ ಬರುತ್ತಿದೆ ಎಂದು ತಿಳಿದುಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ಅಟ್ಟಕ್ಕೆ ಹತ್ತಿ, ಅಂಗೈಯನ್ನು ಹೆಂಚಿನಿಂದ ಒಂದು ಗೇಣು ಕೆಳಗೆ ಹಿಡಿಯಿರಿ. ಮುಟ್ಟದೆಯೇ ಬಿಸಿ ತಾಗುತ್ತದೆ. ಕಾದ ಹೆಂಚು ಕೆಂಡದ ಹಾಗೆ ಕೆಳಕ್ಕೆ ಶಾಖ ಸೂಸುತ್ತಿದೆ ಎಂದರ್ಥ. ಇದು ಒಂದು. ಇನ್ನೊಂದು, ಬಿಸಿಗಾಳಿ ಮಾಡಿನ ನೆತ್ತಿಯಲ್ಲಿ ಸಿಕ್ಕಿಕೊಂಡು ಹೊರಗೆ ಹೋಗಲು ದಾರಿ ಇಲ್ಲದಿರುವುದು. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ತಲೆಯ ಮೇಲೆ ಇಳಿಯುತ್ತದೆ.

ಆದ್ದರಿಂದ ಮೊದಲ ಕೆಲಸ ಗಾಳಿಯ ದಾರಿ. ಸೂರಿನ ಕಡೆ ತಂಪುಗಾಳಿ ಒಳಗೆ ಬರಬೇಕು, ಹೆಂಚಿನ ಅಡಿಯಲ್ಲೇ ಹರಿದು ನೆತ್ತಿಯಿಂದ ಹೊರಗೆ ಹೋಗಬೇಕು. ನೆಲದ ವಿಸ್ತೀರ್ಣದ ನೂರೈವತ್ತನೇ ಒಂದು ಭಾಗದಷ್ಟು ಕಿಂಡಿ ಇರಬೇಕೆಂಬುದು ಸಾಮಾನ್ಯ ಲೆಕ್ಕ. ನಮ್ಮ ಬಿಸಿಲಿಗೆ ಅದನ್ನು ದುಪ್ಪಟ್ಟು ಮಾಡಿಕೊಳ್ಳುವುದು ಒಳ್ಳೆಯದು. ನಿಮ್ಮ 180 ಚದರಡಿಗೆ ಸುಮಾರು 360 ಚದರ ಇಂಚು ಬರುತ್ತದೆ, ಅರ್ಧ ಕೆಳಗೆ, ಅರ್ಧ ಮೇಲೆ. ಕೆಳಗೆ ಎರಡೂ ಬದಿಯ ಗೋಡೆತಲೆಯ ಉದ್ದಕ್ಕೂ ಅರ್ಧ ಇಂಚಿನ ಸಂದು ಬಿಟ್ಟರೆ ಸಾಕು. ಹಳೆಯ ಮನೆಗಳಲ್ಲಿ ಈ ಸಂದು ಮೊದಲೇ ಇರುತ್ತದೆ, ಆಮೇಲೆ ಯಾರೋ ಸಿಮೆಂಟು ಮೆತ್ತಿ ಮುಚ್ಚಿರುತ್ತಾರೆ. ಮೇಲೆ ಎರಡು ತುದಿಯ ತ್ರಿಕೋನದ ಗೋಡೆಗಳಲ್ಲಿ, ನೆತ್ತಿಗೆ ಆದಷ್ಟು ಹತ್ತಿರ, 9×10 ಇಂಚಿನ ಒಂದೊಂದು ಕಿಂಡಿ. ಇಲಿ, ಬಾವಲಿ ಬಾರದಂತೆ ಕಾಲು ಇಂಚು ಕಣ್ಣಿನ ತಂತಿ ಬಲೆ ಹಾಕಿ. ಸೊಳ್ಳೆ ಬಲೆ ಬೇಡ, ಅದು ಗಾಳಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಒಂದು ವರ್ಷದ ಧೂಳಿಗೆ ಪೂರ್ತಿ ಕಟ್ಟಿಕೊಳ್ಳುತ್ತದೆ.

ಎರಡನೆಯದು ಹೆಂಚಿನ ಶಾಖ ತಡೆಯುವ ಪದರ. ಪಕಾಸುಗಳ, ಅಂದರೆ ನೆತ್ತಿಯಿಂದ ಸೂರಿಗೆ ಇಳಿಯುವ ಮರಗಳ, ತಳಬದಿಗೆ ಅಲ್ಯೂಮಿನಿಯಂ ಫಾಯಿಲ್ ಹಾಳೆಯನ್ನು ಸ್ಟೇಪಲ್ ಮಾಡಿ. ಪಕಾಸು ನಾಲ್ಕೈದು ಇಂಚು ಎತ್ತರ ಇರುವುದರಿಂದ ಹೆಂಚಿಗೂ ಫಾಯಿಲ್‌ಗೂ ನಡುವೆ ತಾನಾಗಿ ಗಾಳಿಯ ಕಾಲುವೆ ಸಿಗುತ್ತದೆ. ಫಾಯಿಲ್‌ನ ಒಂದೇ ಮುಖ ಹೊಳೆಯುವುದಾದರೆ ಹೊಳಪು ಕೆಳಕ್ಕೆ ಬರಲಿ. ಮೇಲ್ಮುಖವಾದ ಹೊಳಪಿನ ಮೇಲೆ ಹೆಂಚಿನ ಪುಡಿ, ಧೂಳು ಕೂತು ಎರಡೇ ವರ್ಷದಲ್ಲಿ ಗುಣ ಕಳೆದುಕೊಳ್ಳುತ್ತದೆ. ಫಾಯಿಲ್‌ನ ಕೆಳಗೆ ಪ್ರತಿ ಪಕಾಸಿಗೂ ಒಂದು ಇಂಚು ದಪ್ಪದ ರೀಪು (ಮರದ ಪಟ್ಟಿ) ಹೊಡೆದು, ಅದಕ್ಕೆ ಸೀಲಿಂಗ್ ಕೂರಿಸಿ. ಈ ಒಂದು ಇಂಚಿನ ಸಂದು ಇರಲೇಬೇಕು. ಫಾಯಿಲ್ ನೇರವಾಗಿ ಹಲಗೆಗೋ ಹೆಂಚಿಗೋ ಅಂಟಿಕೊಂಡರೆ ಶಾಖ ಅದರ ಮೂಲಕವೇ ದಾಟುತ್ತದೆ, ಹಾಕಿದ್ದೂ ಹಾಕದ್ದೂ ಒಂದೇ.

ನೆತ್ತಿಯವರೆಗೂ ಸೀಲಿಂಗ್ ಏರಿಸಬೇಡಿ. ನೆತ್ತಿಯಿಂದ ಒಂದು ಅಡಿ ಕೆಳಗೆ ಫಾಯಿಲ್ ಮತ್ತು ಸೀಲಿಂಗ್ ಎರಡನ್ನೂ ಅಡ್ಡಲಾಗಿ ಚಪ್ಪಟೆ ಮಾಡಿ. ಮೇಲೆ ಉಳಿಯುವ ಪುಟ್ಟ ತ್ರಿಕೋನವೇ ಬಿಸಿಗಾಳಿಯ ಕೊಳವೆ, ಅದು ಎರಡೂ ತುದಿಯ ಕಿಂಡಿಗಳಿಗೆ ತೆರೆದುಕೊಳ್ಳುತ್ತದೆ. ಕೋಣೆಯ ನಡುವೆ ಏಳು ಅಡಿ ಉಳಿಯುತ್ತದೆ. ಸೀಲಿಂಗ್ ಫ್ಯಾನಿಗೆ ಅದು ಸಾಲದು, ಗೋಡೆ ಫ್ಯಾನು ಹಾಕಿ.

ಸಾಮಾನಿನ ಲೆಕ್ಕ: 30 ಡಿಗ್ರಿ ಇಳಿಜಾರಿನ ಮಾಡಿಗೆ ನೆಲದ ಅಳತೆಯನ್ನು 1.15ರಿಂದ ಗುಣಿಸಿ. ನಿಮಗೆ 207 ಚದರಡಿ, ಒಂದರ ಮೇಲೊಂದು ಬರುವ ಅಂಚು ಸೇರಿ 230 ಚದರಡಿ ಫಾಯಿಲ್. ಎರಡು ಅಡಿಗೊಂದು ಪಕಾಸು ಎಂದರೆ 130 ಅಡಿ ರೀಪು. ಸೀಲಿಂಗಿಗೆ ಹಳೆಯ ಹಲಗೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ಒಣಗಿದ ಅಡಕೆ ದಬ್ಬೆ, ಅಥವಾ ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ ರೂಪಿಸಿದ ಬಗೆಯ ಬಿದಿರು ಚಾಪೆಯ ಹಲಗೆ.

ಮಲೆನಾಡಿನಲ್ಲಿ ಎಲ್ಲರೂ ಎಡವುವುದು ಮಳೆಯಲ್ಲಿ. ಗಾಳಿಮಳೆಗೆ ಹೆಂಚಿನ ಸಂದಿನಿಂದ ತುಂತುರು ಒಳಗೆ ಬಂದೇ ಬರುತ್ತದೆ. ಫಾಯಿಲ್ ಅದನ್ನು ಹಿಡಿದು ಕೆಳಗೆ ಜಾರಿಸುತ್ತದೆ. ಆದ್ದರಿಂದ ಹಾಸುವಾಗ ಸೂರಿನಿಂದ ಶುರು ಮಾಡಿ, ಮೇಲಿನ ಹಾಳೆ ಕೆಳಗಿನದರ ಮೇಲೆ ಆರು ಇಂಚು ಬರಲಿ. ಕೊನೆಯ ಅಂಚು ಗೋಡೆತಲೆಯನ್ನು ದಾಟಿ ಹೊರಕ್ಕೆ ಇಳಿಯಬೇಕು, ಆದರೆ ಗಾಳಿಯ ಸಂದನ್ನು ಮುಚ್ಚಬಾರದು. ಅಂಚನ್ನು ಒಳಗೇ ನಿಲ್ಲಿಸಿದರೆ ಆಷಾಢದಲ್ಲಿ ಗೋಡೆಯ ಉದ್ದಕ್ಕೂ ನೀರು ಇಳಿಯುತ್ತದೆ. ಹೆಂಚಿಗೆ ತಾಗಿಸಿ ಪ್ಲಾಸ್ಟಿಕ್ ಹಾಸುವವರೂ ಇದ್ದಾರೆ. ನೀರು ಕುಡಿದ ಹೆಂಚು ಕೆಳಗಿನಿಂದಲೂ ಒಣಗಬೇಕು. ಆ ಗಾಳಿ ನಿಂತರೆ ಮೊದಲು ಕೊಳೆಯುವುದು ರೀಪು.

ಥರ್ಮೋಕೋಲ್ ಯಾಕೆ ಬೇಡ ಎಂದರೆ, ಅದು ಸುಲಭವಾಗಿ ಉರಿಯುತ್ತದೆ, ಇಲಿ ಮತ್ತು ಇರುವೆ ಅದರೊಳಗೆ ಸುರಂಗ ಕೊರೆಯುತ್ತವೆ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ತೊಂದರೆ ಇದೆ: ಪಿವಿಸಿ ಹೊದಿಕೆಯ ವೈರು ಥರ್ಮೋಕೋಲ್‌ಗೆ ತಾಗಿಕೊಂಡಿದ್ದರೆ ವರ್ಷಗಳಲ್ಲಿ ಹೊದಿಕೆಯ ಮೆದುತನ ಹೋಗಿ ಪೆಡಸಾಗುತ್ತದೆ. ಮರದ ಮಾಡಿನ ಕೆಳಗೆ ಈ ಜೋಡಿ ಬೇಡವೇ ಬೇಡ.

ಪ್ರಶ್ನೆ: ಅಟ್ಟದಲ್ಲಿ ಓಡಾಡುವಾಗ ಮಾಡಿನ ಅಡ್ಡತೊಲೆ ತಲೆಗೆ ಬಡಿಯುತ್ತದೆ. ಕತ್ತರಿಸಬಹುದೇ? ಅಟ್ಟದ ನೆಲವಾಗಿರುವ ಹಲಗೆ ಮುಚ್ಚಿಗೆಯ ಮೇಲೆ ಮೂರು ಇಂಚು ಮಣ್ಣಿದೆ, ಅದನ್ನು ತೆಗೆದು ಟೈಲ್ಸ್ ಹಾಕಿಸೋಣವೇ?
ಓದುಗರು, ಕೊಪ್ಪ

ಉತ್ತರ: ತೊಲೆ ಕತ್ತರಿಸಬೇಡಿ. ಎರಡು ಕಡೆಯ ಪಕಾಸುಗಳು ಹೊರಕ್ಕೆ ಜಾರದಂತೆ ಹಿಡಿದಿರುವುದೇ ಆ ತೊಲೆ. ಕತ್ತರಿಸಿದ ದಿನ ಏನೂ ಆಗುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ನೆತ್ತಿ ತಗ್ಗುತ್ತದೆ, ಗೋಡೆತಲೆ ಹೊರಕ್ಕೆ ವಾಲಿ ಬಿರುಕು ಬಿಡುತ್ತದೆ. ಎತ್ತರ ಬೇಕೇಬೇಕೆಂದರೆ ಎಂಜಿನಿಯರಿಂದ ಲೆಕ್ಕ ಹಾಕಿಸಿ, ಹೊಸ ಕಟ್ಟು ಕೂರಿಸಿದ ಮೇಲಷ್ಟೇ ಹಳೆಯದನ್ನು ಬಿಚ್ಚಬೇಕು.

ಮಣ್ಣನ್ನು ಉಳಿಸಿಕೊಳ್ಳಿ. ಸದ್ದು, ಶಾಖ, ಬೆಂಕಿ ಮೂರನ್ನೂ ತಡೆಯುವ ಪದರ ಅದು, ಹಣ ಕೊಟ್ಟರೂ ಅಷ್ಟು ಒಳ್ಳೆಯದು ಸಿಗುವುದಿಲ್ಲ. ಆದರೆ ಅದರ ಭಾರ ಚದರಡಿಗೆ ಸುಮಾರು 12 ಕಿಲೋ. ವಾಸದ ಕೋಣೆಗೆ ಜನ, ಸಾಮಾನು ಎಂದು ಚದರ ಮೀಟರಿಗೆ 200 ಕಿಲೋ, ಅಂದರೆ ಚದರಡಿಗೆ 18-19 ಕಿಲೋ ಬೇರೆ ಹಿಡಿಯಬೇಕು. ಅದರ ಮೇಲೆ ಟೈಲ್ಸ್ ಮತ್ತು ಗಾರೆ ಹೇರಬೇಡಿ. ಮಣ್ಣಿನ ಮೇಲೆ ಹಲಗೆ ಹಾಸಿ, ಅಥವಾ ಸುಣ್ಣ ಬೆರೆಸಿದ ಮಣ್ಣಿನಿಂದ ನಯಮಾಡಿ ಚಾಪೆ ಹಾಸಿ.

ಅಟ್ಟದ ನೆಲವನ್ನು ಹೊರುವ ಜಂತೆ ತಾಳುತ್ತದೆಯೇ ಎಂದು ನೋಡಲು ಬಡಗಿಗಳ ಹಳೆಯ ಲೆಕ್ಕವೊಂದಿದೆ: ಎರಡು ಆಧಾರಗಳ ನಡುವಿನ ಅಡಿಗಳನ್ನು ಅರ್ಧ ಮಾಡಿ, ಎರಡು ಕೂಡಿಸಿ. ಅಷ್ಟು ಇಂಚು ಎತ್ತರದ, ಎರಡು ಇಂಚು ದಪ್ಪದ ಜಂತೆ 16 ಇಂಚಿಗೊಂದರಂತೆ ಬೇಕು. 12 ಅಡಿಗೆ 8 ಇಂಚು. ನಿಮ್ಮ ಜಂತೆ 5 ಇಂಚಿನದೇ ಆಗಿದ್ದರೆ ಬದಲಿಸಬೇಕಾಗಿಲ್ಲ. ನಡುವೆ ಒಂದು ತೊಲೆ ಕೊಟ್ಟರೆ ಅಂತರ 6 ಅಡಿಗೆ ಇಳಿಯುತ್ತದೆ, ಆಗ 5 ಇಂಚು ಸಾಕು. ಎರಡು ಅಡಿಗೊಂದು ಜಂತೆ ಇದ್ದರೆ ನಡುನಡುವೆ ಇನ್ನಷ್ಟು ಸೇರಿಸಿ. ಹಳೆ ಮನೆ ಬಿಚ್ಚಿದ ಮರ ಸಿಕ್ಕರೆ ಅದನ್ನೇ ಬಳಸಿ, ಅದು ಬಾಗುವಷ್ಟು ಬಾಗಿ, ಒಣಗುವಷ್ಟು ಒಣಗಿ ಮುಗಿದಿರುತ್ತದೆ. ಈ ಲೆಕ್ಕದಲ್ಲಿ ಮಣ್ಣಿನ ಭಾರ ಸೇರಿಲ್ಲ. ಆದ್ದರಿಂದ ಮಣ್ಣು ಇಟ್ಟುಕೊಳ್ಳುವುದಾದರೆ ಎಂಜಿನಿಯರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ಅಟ್ಟದ ತೊಲೆಗಳಿಗೆ ಕುಟ್ಟೆ ಹಿಡಿದಿದೆ. ಔಷಧಿ ಹೊಡೆಯುವವರು ಘಾಟು ವಾಸನೆಯದನ್ನು ತರುತ್ತಾರೆ. ಮಕ್ಕಳು ಮಲಗುವ ಜಾಗ, ಹೆದರಿಕೆ.
ಓದುಗರು, ಪುತ್ತೂರು

ಉತ್ತರ: ಕಟ್ಟಿಗೆ ಒಲೆ ಇದ್ದಷ್ಟು ಕಾಲ ಅದರ ಹೊಗೆಯೇ ಅಟ್ಟದ ಮರವನ್ನು ಒಣಗಿಸಿ ಹುಳದಿಂದ ಕಾಯುತ್ತಿತ್ತು. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ಹೋಯಿತು. ಮೊದಲು ಹುಳ ಜೀವಂತ ಇದೆಯೇ ನೋಡಿ. ತೂತುಗಳ ಕೆಳಗೆ ಪುಡಿ ಗುಡಿಸಿ, ಕಪ್ಪು ಕಾಗದ ಹಾಸಿ ವಾರ ಬಿಡಿ. ಹೊಸ ಹಳದಿ ಪುಡಿ ಬಿದ್ದಿದ್ದರೆ ಮಾತ್ರ ಚಿಕಿತ್ಸೆ. ಚಾಕು ಎರಡು ಇಂಚು ಸಲೀಸಾಗಿ ಇಳಿಯುವ ತೊಲೆಯನ್ನು ಬದಲಿಸಲೇಬೇಕು.

ಬಿಸಿನೀರು 10 ಲೀಟರ್, ಬೋರಾಕ್ಸ್ 600 ಗ್ರಾಂ, ಬೋರಿಕ್ ಆಸಿಡ್ 400 ಗ್ರಾಂ. ಪೂರ್ತಿ ಕರಗುವವರೆಗೆ ಕಲಕಿ. ಮರದ ಮೇಲಿನ ಬಣ್ಣ, ವಾರ್ನಿಶ್ ಕೆರೆದು ತೆಗೆಯದಿದ್ದರೆ ದ್ರಾವಣ ಒಳಗೆ ಇಳಿಯುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಬ್ರಷ್‌ನಿಂದ ಮೂರು ಸಲ, ಪ್ರತಿ ಸಲಕ್ಕೂ ಒಂದೆರಡು ಗಂಟೆ ಬಿಟ್ಟು ಬಳಿಯಿರಿ. ಒಂದು ಸಲಕ್ಕೆ 50 ಚದರಡಿಗೆ ಒಂದು ಲೀಟರ್ ಬೇಕು. ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ. ಫೆಬ್ರವರಿ, ಮಾರ್ಚ್‌ನ ಒಣ ದಿನಗಳೇ ಸರಿ. ವಾಸನೆ ಇಲ್ಲ, ಗಾಳಿಗೆ ಏಳುವುದಿಲ್ಲ. ಆದರೂ ಹೊಟ್ಟೆಗೆ ಹೋದರೆ ವಿಷವೇ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಒಣಗುವವರೆಗೆ ದೂರ ಇಡಿ.

ನೀರು ತಾಗುವ ಕಡೆ ಇದು ತೊಳೆದು ಹೋಗುತ್ತದೆ. ಸೂರಿನ ಹೊರಗೆ ಚಾಚಿದ ಪಕಾಸು ತುದಿಗಳಿಗೆ ನಿಮ್ಮ ಊರಿನ ಗೇರೆಣ್ಣೆಯೇ ಒಳ್ಳೆಯದು. ಕೈಗೆ ತಾಗಿದರೆ ಬೊಬ್ಬೆ ಬರುತ್ತದೆ, ಜಾಗ್ರತೆ. ಗೆದ್ದಲಾದರೆ ಕಥೆ ಬೇರೆ. ಅದು ನೆಲದಿಂದ ಗೋಡೆ ಹತ್ತಿ ಬರುವುದು, ಮಣ್ಣಿನ ಹಾದಿ ಒಡೆದು ಮೂಲ ಹುಡುಕಬೇಕು.

ಪ್ರಶ್ನೆ: ಮಂಗನ ಕಾಟಕ್ಕೆ ವರ್ಷಕ್ಕೆ ನೂರು ಹೆಂಚು ಒಡೆಯುತ್ತದೆ. ಅಟ್ಟ ಕೋಣೆ ಮಾಡುವ ಹೊತ್ತಿಗೆ ಹೆಂಚು ತೆಗೆದು ಕಬ್ಬಿಣದ ಶೀಟು ಹಾಕಿಬಿಡೋಣ ಎಂದಿದ್ದೇವೆ.
ಓದುಗರು, ಶಿರಸಿ

ಉತ್ತರ: ನಿಮ್ಮ ಕಷ್ಟ ನಿಜ. ಆದರೂ ಬರೀ ಶೀಟಿನ ಕೆಳಗೆ ಕೋಣೆ ಮಾಡಿದರೆ ಬೇಸಿಗೆಯಲ್ಲಿ ಬೇಯುತ್ತದೆ, ಮಳೆಯಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಇನ್ನೊಂದು ಅಪಾಯ: ನೂರು ಚದರಡಿಗೆ ಸುಮಾರು 140 ಹೆಂಚು, 350 ಕಿಲೋ. ಇಷ್ಟು ವರ್ಷ ಮಾಡನ್ನು ಗಾಳಿಗೆ ಏಳದಂತೆ ಒತ್ತಿ ಹಿಡಿದದ್ದು ಆ ಭಾರ. ಶೀಟು ಹಾಕಿದರೆ ಪಕಾಸುಗಳನ್ನು ಗೋಡೆಗೆ ಬೋಲ್ಟು, ಪಟ್ಟಿಯಿಂದ ಬಿಗಿಯಲೇಬೇಕು.

ಶೀಟು ಕೆಳಗೆ, ಹೆಂಚು ಮೇಲೆ ಎಂಬ ದಾರಿಯನ್ನು ನೋಡಿ. ಪಕಾಸಿನ ಮೇಲೆ ಬಣ್ಣ ಹಚ್ಚಿದ ತೆಳು ಶೀಟು, ಅದರ ಮೇಲೆ ಪಕಾಸಿನ ಗುಂಟ ಉದ್ದ ಪಟ್ಟಿ, ಅದಕ್ಕೆ ಅಡ್ಡ ರೀಪು, ಅದರ ಮೇಲೆ ನಿಮ್ಮ ಹಳೆಯ ಹೆಂಚೇ. ಉದ್ದ ಪಟ್ಟಿ ಬಿಟ್ಟು ಶೀಟಿಗೇ ಅಡ್ಡ ರೀಪು ಹೊಡೆದರೆ ಪ್ರತಿ ರೀಪಿನ ಹಿಂದೆ ಕಸ, ನೀರು ನಿಂತು ಶೀಟಿಗೆ ತುಕ್ಕು ಹಿಡಿಯುತ್ತದೆ. ಹೆಂಚು ಒಡೆದರೂ ಸೋರುವುದಿಲ್ಲ, ಬಿಡುವಾದಾಗ ಬದಲಿಸಬಹುದು. ಬಿಸಿಲು ಹೆಂಚಿಗೆ, ಮಳೆಯ ಸದ್ದೂ ಹೆಂಚಿಗೆ. ಮಂಗ ಹೆಚ್ಚು ಓಡಾಡುವ ಸೂರು ಮತ್ತು ನೆತ್ತಿಯ ಎರಡೆರಡು ಸಾಲನ್ನು, ಹೆಂಚಿನ ತಳದ ಮೂಗಿನ ತೂತಿಗೆ ತಂತಿ ಪೋಣಿಸಿ ರೀಪಿಗೆ ಕಟ್ಟಿ. ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಸವರುವುದು ಇವೆಲ್ಲಕ್ಕಿಂತ ಮೊದಲು.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. 1930ರ ದಶಕದ ಜೋಡಿ ಮನೆ, ಪಕಾಸು 100 ಮಿ.ಮೀ. ಲಾಫ್ಟನ್ನು ಕೋಣೆ ಮಾಡುವಾಗ ಫೋಮ್ ಬದಲು ಮರದ ನಾರಿನ ಹಲಗೆ ಹಾಕಬಹುದೇ?
ಓದುಗರು, ರೆಡಿಂಗ್

ಉತ್ತರ: ಹಾಕಬಹುದು, ಎತ್ತರ ಇದ್ದರೆ. ಅಲ್ಲಿ ಸಮಸ್ಯೆ ನಮ್ಮದಕ್ಕೆ ತದ್ವಿರುದ್ಧ, ಒಳಗಿನ ಬಿಸಿ ಹೊರಗೆ ಹೋಗಬಾರದು. ಇಂಗ್ಲೆಂಡಿನ ನಿಯಮ ಇಂಥ ಮಾಡಿಗೆ ಕೇಳುವ ಯು-ಮೌಲ್ಯ (ಶಾಖ ಸೋರುವ ಅಳತೆ, ಕಡಿಮೆ ಇದ್ದಷ್ಟು ಒಳ್ಳೆಯದು) 0.16. ಹೆಂಚಿನಡಿಯಲ್ಲಿ ಹಳೆಯ ಡಾಂಬರು ಫೆಲ್ಟ್ ಹಾಳೆ ಇದ್ದರೆ ಅದರ ಕೆಳಗೆ 50 ಮಿ.ಮೀ. ಗಾಳಿ ಬಿಡಬೇಕು, ಪಕಾಸಿನ ನಡುವೆ ಉಳಿಯುವುದು ಇನ್ನು 50. ಪಿಐಆರ್ ಎಂಬ ಗಟ್ಟಿ ಫೋಮ್ ಹಲಗೆ ಆದರೆ ಪಕಾಸಿನ ಕೆಳಗೆ ಇನ್ನೂ ಸುಮಾರು 100 ಮಿ.ಮೀ., ಮರದ ನಾರಾದರೆ ಸುಮಾರು 200. ಅಂದರೆ ತಲೆಯ ಮೇಲೆ ನಾಲ್ಕು ಇಂಚು ಹೆಚ್ಚು ಹೋಗುತ್ತದೆ. ಮೆಟ್ಟಿಲಿನ ಮೇಲೆ 2 ಮೀಟರ್ ಎತ್ತರ ಬೇಕು, ಲಾಫ್ಟಿಗೆ ನಡುವೆ 1.9 ಮೀಟರ್‌ವರೆಗೆ ರಿಯಾಯಿತಿ ಇದೆ. ಮೊದಲು ಅಲ್ಲಿ ಅಳೆಯಿರಿ. ಜಾಗ ಸಿಕ್ಕರೆ ಮರದ ನಾರೇ ನಮ್ಮ ಆಯ್ಕೆ. ಅದು ಫೋಮ್‌ಗಿಂತ ಭಾರ, ಜುಲೈ ಬಿಸಿಲಿನ ಶಾಖ ಒಳಗೆ ತಲುಪುವಷ್ಟರಲ್ಲಿ ಸಂಜೆ ಆಗಿರುತ್ತದೆ, ಕಿಟಕಿ ತೆಗೆಯಬಹುದು. ಪಕಾಸಿನ ನಡುವೆ ಬಿಗಿಯಾಗಿಯೂ ಕೂರುತ್ತದೆ. ಫೋಮನ್ನು ಕತ್ತರಿಸುವಾಗ ಬೆರಳಗಲದ ಸಂದು ಉಳಿದರೆ ಕಾಗದದ ಮೇಲಿನ ಲೆಕ್ಕವೆಲ್ಲ ವ್ಯರ್ಥ.

ಯಾವುದೇ ಹಾಕಿದರೂ ಒಳಬದಿಗೆ ಆವಿ ತಡೆಯುವ ಹಾಳೆ ಬೇಕು, ಅದರ ಜೋಡಣೆ, ವೈರಿನ ತೂತು ಎಲ್ಲಕ್ಕೂ ಟೇಪು ಬೇಕು. ಇಲ್ಲವಾದರೆ ಬಚ್ಚಲ ಆವಿ ಅಲ್ಲಿಂದ ನುಸುಳಿ ತಣ್ಣನೆಯ ಫೆಲ್ಟಿಗೆ ತಾಗಿ ನೀರಾಗಿ ಇಳಿಯುತ್ತದೆ. ಮಾಡಿನ ಕಿಟಕಿಗೆ ಪರದೆ ಹೊರಗೆ ಹಾಕಿಸಿ, ಗಾಜು ದಾಟಿ ಬಂದ ಬಿಸಿಲನ್ನು ಒಳಪರದೆ ತಡೆಯಲಾರದು. ಈಗ ಲಾಫ್ಟಿನ ನೆಲದಲ್ಲಿರುವ ಗಾಜಿನ ಉಣ್ಣೆಯನ್ನು ಎಸೆಯಬೇಡಿ. ಒಣಗಿದ್ದು ಚೆನ್ನಾಗಿದ್ದರೆ ಹೊಸ ನೆಲದ ಜಂತೆಗಳ ನಡುವೆ ಸದ್ದು ತಡೆಯಲು ಬೇಕಾಗುತ್ತದೆ, ಅದಕ್ಕೆ 100 ಮಿ.ಮೀ. ದಪ್ಪ, ಘನಮೀಟರಿಗೆ ಕನಿಷ್ಠ 10 ಕಿಲೋ ಸಾಂದ್ರತೆ ಇರಬೇಕು. ಬಾವಲಿ ಇದ್ದರೆ ಕೆಲಸ ನಿಲ್ಲಿಸಿ. ಅಲ್ಲಿ ಎಲ್ಲ ಜಾತಿಯ ಬಾವಲಿಗೂ ಕಾನೂನಿನ ರಕ್ಷಣೆ ಇದೆ.

ಪ್ರಶ್ನೆ: ಅಟ್ಟದ ಕೋಣೆಗೆ ಬೆಳಕಿಗಾಗಿ ಗಾಜಿನ ಹೆಂಚು ಎಷ್ಟು ಹಾಕಬೇಕು? ಉತ್ತರದ ಬದಿಗೆ ಹಾಕಿದರೆ ಬಿಸಿಲು ಬರುವುದಿಲ್ಲವಂತೆ, ಹೌದೇ?
ಓದುಗರು, ಸುಳ್ಯ

ಉತ್ತರ: ನೂರು ಚದರಡಿಗೆ ಎರಡು ಸಾಕು. ಉತ್ತರದ ಮಾತು ನಮ್ಮ ಕಡೆ ಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳ ಬಿಸಿಲು ಉತ್ತರದ ಮಾಡಿನಿಂದಲೂ ನೇರ ಇಳಿಯುತ್ತದೆ. ಓದುವ ಮೇಜಿನ ಮೇಲಲ್ಲ, ಓಡಾಡುವ ಜಾಗದ ಮೇಲೆ ಹಾಕಿ, ಕೆಳಗೆ ಬಿಳಿ ಹತ್ತಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಎಳೆದು ಮುಚ್ಚುವಂತೆ ಮಾಡಿಕೊಳ್ಳಿ. ಫಾಯಿಲ್ ಹಾಕಿದ್ದರೆ ಗಾಜಿನ ಹೆಂಚಿನ ಸುತ್ತ ನಾಲ್ಕೂ ಬದಿಗೆ ಹಲಗೆಯ ಗೂಡು ಕಟ್ಟಿ, ಅದರ ಮೇಲಂಚಿಗೆ ಫಾಯಿಲ್ ಮಡಚಿ ಹೊಡೆಯಿರಿ. ಇಲ್ಲವಾದರೆ ಫಾಯಿಲ್ ಮೇಲೆ ಜಾರಿ ಬಂದ ತುಂತುರು ಅಲ್ಲಿಂದಲೇ ಒಳಗೆ ತೊಟ್ಟಿಕ್ಕುತ್ತದೆ.