ಆಕ್ಸಿಡೆಂಟ್ ಮಾಡಿದೋರು "ಕೇಸ್ ಬೇಡ, ದುಡ್ಡು ಕೊಡ್ತೀವಿ" ಅಂದ್ರೆ ಒಪ್ಕೋಬೋದಾ?

ಮೇಡಂ, ನಿಮ್ಮ ಯಜಮಾನ್ರ ಬೈಕಿಗೆ ಕಾರ್ ಗುದ್ದಿ ಒಂಬತ್ತು ದಿನ ಆಯ್ತು, ಕಾಲಿಗೆ ರಾಡ್ ಹಾಕಿದಾರೆ, ಎಫ್‌ಐಆರ್ ಇನ್ನೂ ಆಗಿಲ್ಲ, ಕಾರ್ ಓನರ್ 60 ಸಾವಿರ ಕೊಡ್ತೀನಿ ಒಂದು ಪೇಪರಿಗೆ ಸೈನ್ ಹಾಕಿ ಅಂತಿದಾನೆ, ಏನ್ ಮಾಡ್ಲಿ ಅಂತ ಕೇಳಿದೀರ. ದಯವಿಟ್ಟು ಸೈನ್ ಹಾಕ್ಬೇಡಿ. ನಾನು ಲಾಯರ್ ಅಲ್ಲ, ಆದ್ರೆ ನಮ್ಮಪ್ಪನ ಕೇಸನ್ನ ಎರಡೂಕಾಲು ವರ್ಷ ತುಮಕೂರು ಕೋರ್ಟಲ್ಲಿ ಓಡಾಡಿ ಮುಗಿಸಿದೀನಿ, ಆ ಅನುಭವದಿಂದ ಹೇಳ್ತಿದೀನಿ.

ನಮ್ಮಪ್ಪ ಗಾರೆ ಮೇಸ್ತ್ರಿ. 2022ರ ನವೆಂಬರಲ್ಲಿ ಕೆಲಸ ಮುಗಿಸ್ಕೊಂಡು ಎಕ್ಸೆಲ್‌ನಲ್ಲಿ ಬರ್ತಿರುವಾಗ ಮುಂದೆ ಹೋಗ್ತಿದ್ದ ಕಾರು ಇಂಡಿಕೇಟರೂ ಹಾಕ್ದೆ ದಿಢೀರ್ ಅಂತ ತಿರುಗಿಸ್ಬಿಡ್ತು, ಅಪ್ಪನ ಎಡಮಂಡಿ ಕೆಳಗಿನ ಮೂಳೆ ಪುಡಿ ಆಯ್ತು, ಪ್ಲೇಟು ಸ್ಕ್ರೂ ಹಾಕಿದ್ರು. ಪಾಪ ಯಾರೋ ಆಟೋದವರು ಆಸ್ಪತ್ರೆಗೆ ಸೇರಿಸಿದ್ರು, ಏನಾಯ್ತು ಅಂತ ಡ್ಯೂಟಿ ಡಾಕ್ಟರ್ ಕೇಳಿದ್ದಕ್ಕೆ ಅವರು "ಗಾಡಿಯಿಂದ ಬಿದ್ಬಿಟ್ರು" ಅಂದಿದಾರೆ ಅಷ್ಟೆ, ಅದನ್ನೇ ಡಾಕ್ಟರ್ ಎಂಎಲ್‌ಸಿ ರಿಜಿಸ್ಟರಲ್ಲಿ (ಆಕ್ಸಿಡೆಂಟ್ ಥರದ ಪೊಲೀಸ್ ಕೇಸಿನ ಗಾಯಗಳನ್ನ ಆಸ್ಪತ್ರೆಯವರು ಬರೆದಿಡೋ ಪುಸ್ತಕ) ಸ್ಕಿಡ್ ಆಗಿ ಬಿದ್ದಿದ್ದು ಅಂತ ಬರ್ಕೊಂಡ್ರು. ನಾವು ಆಪರೇಷನ್ ಗಾಬರಿಲಿದ್ವಿ, ಯಾರೂ ನೋಡ್ಲಿಲ್ಲ. ಎಫ್‌ಐಆರ್ ಆರು ದಿನ ಲೇಟು. ಆಮೇಲೆ ಕೋರ್ಟಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲರು ಹಿಡ್ಕೊಂಡಿದ್ದು ಇವೆರಡನ್ನೇ, ನೀವೇ ಬಿದ್ದು ಆಮೇಲೆ ಕಾರ್ ನಂಬರ್ ಸೇರಿಸಿದೀರ ಅಂತ ಅಪ್ಪನ ಮುಖಕ್ಕೆ ಹೇಳಿದ್ರು. ನಲವತ್ತೇಳು ವರ್ಷದ ಮನುಷ್ಯ ಕಟಕಟೇಲಿ ನಿಂತು ಅತ್ತಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು.

ಅದಕ್ಕೇ ಹೇಳ್ತಿದೀನಿ, ಮೊದಲು ಆಸ್ಪತ್ರೆಗೆ ಹೋಗಿ ಎಂಎಲ್‌ಸಿಲಿ ಏನ್ ಬರ್ದಿದಾರೆ ನೋಡಿ. ಕಾರ್ ಗುದ್ದಿದ್ದು ಅಂತಿದ್ರೆ ಅರ್ಧ ಗೆದ್ದ ಹಾಗೆ. ತಪ್ಪಾಗಿದ್ರೆ ಅದನ್ನ ತಿದ್ದಿಸೋಕೆ ಹೋಗ್ಬೇಡಿ, ತಿದ್ದಿದ ದಾಖಲೆ ಇನ್ನೂ ದೊಡ್ಡ ತಲೆನೋವು. ಪೊಲೀಸ್ ಕಂಪ್ಲೇಂಟಲ್ಲೇ ಯಾರು ಸೇರಿಸಿದ್ರು, ಅವರು ಏನು ಹೇಳಿದ್ರು, ನೀವು ಆಪರೇಷನ್ ಓಡಾಟದಲ್ಲಿದ್ದು ಯಾಕೆ ತಡ ಆಯ್ತು, ಎಲ್ಲಾ ಇದ್ದದ್ದು ಇದ್ದ ಹಾಗೆ ಬರೀರಿ. ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಕ್ಲೇಮ್ ಬಿದ್ದೋಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೆ ಒಂಬತ್ತು ದಿನ ಹತ್ತೊಂಬತ್ತು ಆಗೋದಕ್ಕೆ ಬಿಡ್ಬೇಡಿ. ನಮ್ಮ ಕೇಸನ್ನ ಉಳಿಸಿದ್ದು ಜಾಗದಲ್ಲೇ ಎಳನೀರು ಮಾರ್ತಿದ್ದ ಒಬ್ಬರ ಸಾಕ್ಷಿ, ಮತ್ತೆ ಮೋಟಾರ್ ಇನ್ಸ್‌ಪೆಕ್ಟರ್ ಗಾಡಿಗಳ ಡ್ಯಾಮೇಜ್ ನೋಡಿ ಕೊಡೋ ಐಎಂವಿ ರಿಪೋರ್ಟು. ಕಾರಿನ ಎಡಗಡೆ ಬಂಪರ್ ಡ್ಯಾಮೇಜು, ಎಕ್ಸೆಲ್‌ನ ಮುಂಭಾಗ ಡ್ಯಾಮೇಜು, ಎರಡೂ ತಾಳೆ ಆಯ್ತು. ಹಾಗಾಗಿ ಆ ರಿಪೋರ್ಟ್ ಆಗೋವರೆಗೆ ಬೈಕನ್ನ ರಿಪೇರಿಗೆ ಬಿಡಲೇಬೇಡಿ, ಫೋಟೋನೂ ತೆಗೆದಿಡಿ.

ಇನ್ನು ಆ 60 ಸಾವಿರದ ವಿಷ್ಯ. ಪರಿಹಾರ ಕೊಡೋದು ಸಾಮಾನ್ಯವಾಗಿ ಕಾರಿನ ಇನ್ಶೂರೆನ್ಸ್ ಕಂಪನಿ, ಥರ್ಡ್ ಪಾರ್ಟಿ ಪಾಲಿಸಿ ಇರೋದೇ ಇದಕ್ಕೆ. ಆದ್ರೂ ಓನರ್ ತನ್ನ ಜೇಬಿಂದ ಕೊಡ್ತೀನಿ ಅಂತಿದಾನೆ ಅಂದ್ರೆ ಇನ್ಶೂರೆನ್ಸ್ ಲ್ಯಾಪ್ಸ್ ಆಗಿರ್ಬೋದು, ಓಡಿಸ್ತಿದ್ದೋರಿಗೆ ಡಿಎಲ್ ಇಲ್ದೆ ಇರ್ಬೋದು, ಅಥವಾ ಬರೀ ಪೊಲೀಸ್ ಕೇಸಿನ ಭಯ ಇರ್ಬೋದು. ಎಂಪರಿವಾಹನ್ ಆ್ಯಪಲ್ಲಿ ಗಾಡಿ ನಂಬರ್ ಹಾಕಿದ್ರೆ ಇನ್ಶೂರೆನ್ಸ್ ಯಾವಾಗಿನವರೆಗೆ ಇದೆ ಅಂತ ಬರತ್ತೆ, ಇವತ್ತೇ ನೋಡಿ ಸ್ಕ್ರೀನ್‌ಶಾಟ್ ಇಟ್ಕೊಳಿ. ಡಿಎಲ್ ಇಲ್ಲ ಅನ್ನೋ ತಕರಾರಿದ್ರೆ ಕೋರ್ಟು ಎಷ್ಟೋ ಸಲ ಕಂಪನಿಗೆ ಮೊದಲು ನಿಮಗೆ ಕಟ್ಟಿ ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳಿ ಅಂತ ಹೇಳತ್ತೆ. ಇನ್ಶೂರೆನ್ಸೇ ಇಲ್ದಿದ್ರೆ ಮಾತ್ರ ಕಷ್ಟ, ಓನರ್ ಆಸ್ತಿಯಿಂದಲೇ ವಸೂಲಿ ಆಗ್ಬೇಕು.

ಇನ್ನೊಂದು, ನಾವೂ ತಪ್ಪು ತಿಳ್ಕೊಂಡಿದ್ವಿ. ಪೊಲೀಸ್ ಕೇಸಲ್ಲಿ ಡ್ರೈವರ್ ತಪ್ಪು ಒಪ್ಕೊಂಡು ದಂಡ ಕಟ್ಟಿದ್ರೆ ಆ ದುಡ್ಡು ಸರ್ಕಾರಕ್ಕೆ ಹೋಗತ್ತೆ, ನಿಮಗೆ ಬರಲ್ಲ. ಪರಿಹಾರಕ್ಕೆ ಮೋಟಾರು ವಾಹನ ಕಾಯ್ದೆ 166ನೇ ಸೆಕ್ಷನ್ ಪ್ರಕಾರ ಆಕ್ಸಿಡೆಂಟ್ ಪರಿಹಾರದ ಕೇಸ್ ನೋಡೋ ಟ್ರಿಬ್ಯೂನಲ್ಲಲ್ಲಿ ಬೇರೆ ಅರ್ಜಿ ಹಾಕ್ಬೇಕು, ನಮ್ಮ ಕಡೆ ಎಂವಿಸಿ ಕೇಸ್ ಅಂತಾರೆ. ಆಕ್ಸಿಡೆಂಟ್ ಎಲ್ಲೇ ಆಗಿರ್ಲಿ, ನೀವಿರೋ ಊರಿನ ಟ್ರಿಬ್ಯೂನಲ್ಲಲ್ಲೂ ಹಾಕ್ಬೋದು. ಆಕ್ಸಿಡೆಂಟ್ ಆದ ಆರು ತಿಂಗಳೊಳಗೆ ಅರ್ಜಿ ಹಾಕ್ಬೇಕು ಅನ್ನೋ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ, ಅದನ್ನ ದಾಟಿಸ್ಬೇಡಿ, ಟ್ರೀಟ್‌ಮೆಂಟ್ ಮುಗೀಲಿ ಆಮೇಲೆ ನೋಡೋಣ ಅಂತ ಕೂರಬೇಡಿ.

ಎಷ್ಟು ಬರತ್ತೆ ಅನ್ನೋದು ಆಸ್ಪತ್ರೆ ಬಿಲ್ಲಿಗಿಂತ ಜಾಸ್ತಿ ಡಿಸೆಬಿಲಿಟಿ ಮೇಲೆ ನಿಂತಿರತ್ತೆ. ಅಪ್ಪನ ಕಾಲಿಗೆ 30 ಪರ್ಸೆಂಟ್ ಅಂತ ಡಾಕ್ಟರ್ ಹೇಳಿದ್ರು, ಇಡೀ ದೇಹಕ್ಕೆ ಅಂತ ಲೆಕ್ಕ ಹಾಕುವಾಗ ಅದರ ಮೂರನೇ ಒಂದು ಭಾಗ ಹಿಡಿಯೋದು ರೂಢಿ, ಅಂದ್ರೆ 10. ಆದ್ರೆ ಗಾರೆ ಕೆಲಸದವನಿಗೆ ಕುಕ್ಕರಗಾಲಲ್ಲಿ ಕೂರೋಕೆ ಆಗ್ದಿದ್ರೆ, ಸಾರ್ವೆ ಹತ್ತೋಕೆ ಆಗ್ದಿದ್ರೆ ಅವನ ದುಡಿಮೆ ಹೋಗೋದು ಹತ್ತೇ ಪರ್ಸೆಂಟಾ? ನಮ್ಮ ವಕೀಲರು ರಾಜ್ ಕುಮಾರ್ ವರ್ಸಸ್ ಅಜಯ್ ಕುಮಾರ್ ಅನ್ನೋ ಸುಪ್ರೀಂ ಕೋರ್ಟ್ ತೀರ್ಪು ಇಟ್ಟು ಇದನ್ನೇ ವಾದ ಮಾಡಿದ್ರು. ಗಾಯದ ಪರ್ಸೆಂಟೇ ಬೇರೆ, ಆ ಗಾಯದಿಂದ ಆ ಮನುಷ್ಯನ ಸಂಪಾದನೆ ಎಷ್ಟು ಹೋಯ್ತು ಅನ್ನೋದೇ ಬೇರೆ ಅಂತ ಅದರಲ್ಲಿ ಹೇಳಿದೆ. ಬರೆದದ್ದು ನಮ್ಮ ಕರ್ನಾಟಕ ಹೈಕೋರ್ಟಲ್ಲಿ ಜಡ್ಜ್ ಆಗಿದ್ದ ಆರ್.ವಿ. ರವೀಂದ್ರನ್ ಅವರು. ಕೋರ್ಟು 20 ಪರ್ಸೆಂಟ್ ಹಿಡೀತು. ತಿಂಗಳಿಗೆ 15 ಸಾವಿರ ದುಡಿಮೆ, ವರ್ಷಕ್ಕೆ 1,80,000, 46ರಿಂದ 50 ವಯಸ್ಸಿಗೆ ಮಲ್ಟಿಪ್ಲೈಯರ್ (ವರ್ಷದ ದುಡಿಮೆನ ಗುಣಿಸೋ ಸಂಖ್ಯೆ) 13, ಅದರಲ್ಲಿ 20 ಪರ್ಸೆಂಟ್ ಅಂದ್ರೆ 4,68,000. ಹತ್ತೇ ಹಿಡಿದಿದ್ರೆ 2,34,000 ಅಷ್ಟೇ. ಬಿಲ್ಲು, ನೋವಿಗೆ, ಮನೇಲಿ ಕೂತ ತಿಂಗಳುಗಳ ಸಂಬಳಕ್ಕೆ, ಮುಂದೆ ಪ್ಲೇಟ್ ತೆಗೆಸೋ ಆಪರೇಷನ್ನಿಗೆ ಎಲ್ಲಾ ಬೇರೆ, ಮೇಲೆ ಬಡ್ಡಿ.

ನಿಮ್ಮ ಯಜಮಾನ್ರು ಎಲೆಕ್ಟ್ರಿಷಿಯನ್ ಅಂದ್ರಿ. ಏಣಿ ಹತ್ತೋ ಕೆಲಸ, ಅದನ್ನ ಡಾಕ್ಟರ್ ಹತ್ರಾನೂ ವಕೀಲರ ಹತ್ರಾನೂ ಬಿಡಿಸಿ ಹೇಳಿ. ಸಂಪಾದನೆಗೆ ಏನಾದ್ರೂ ಪುರಾವೆ ಕೂಡಿಸಿ, ಫೋನ್‌ಪೇಲಿ ಗಿರಾಕಿಗಳು ಹಾಕಿದ ದುಡ್ಡು, ಬ್ಯಾಂಕ್ ಪಾಸ್‌ಬುಕ್ಕು, ಕೆಲಸದ ಬಿಲ್ಲು, ಏನಿದ್ರೂ ಸರಿ. ಅಪ್ಪನ ಹತ್ರ ಒಂದು ಚೀಟಿನೂ ಇರ್ಲಿಲ್ಲ, ಅವರು ನಿಜವಾಗ್ಲೂ ದುಡೀತಿದ್ದದ್ದು ಇನ್ನೂ ಜಾಸ್ತಿ, ಕೋರ್ಟು ಅಂದಾಜಿನ ಮೇಲೆ 15 ಅಂತ ಹಿಡೀತು, ಆ ಬೇಜಾರು ನನಗೆ ಇವತ್ತಿಗೂ ಇದೆ. ಮೆಡಿಕಲ್ ಸ್ಟೋರ್ ಬಿಲ್ಲು, ಆಂಬ್ಯುಲೆನ್ಸ್ ರಸೀದಿ, ಎಕ್ಸ್‌ರೇ, ಡಿಸ್ಚಾರ್ಜ್ ಸಮ್ಮರಿ ಎಲ್ಲದರ ಒರಿಜಿನಲ್ ಒಂದು ಫೈಲಲ್ಲಿಡಿ, ಥರ್ಮಲ್ ಪೇಪರ್ ಬಿಲ್ಲಿನ ಅಕ್ಷರ ಆರು ತಿಂಗಳಿಗೇ ಮಾಸಿಹೋಗತ್ತೆ, ಜೆರಾಕ್ಸ್ ಮಾಡಿಸಿಬಿಡಿ.

ವಾರ್ಡಿಗೇ ಬಂದು ಕಾರ್ಡ್ ಕೊಡೋ ಏಜೆಂಟ್‌ಗಳ ಜೊತೆ ಹೋಗ್ಬೇಡಿ. ಬಂದ ದುಡ್ಡಲ್ಲಿ ಇಷ್ಟು ಪರ್ಸೆಂಟ್ ಅಂತ ವಕೀಲರು ಫೀಸ್ ಮಾತಾಡೋದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲೇ ಅವಕಾಶ ಇಲ್ಲ, ಖಾಲಿ ಚೆಕ್ಕಿಗೆ ಸೈನ್ ಮಾಡಿಸ್ಕೊಳೋರ ಹತ್ರ ಅಂತೂ ನಿಲ್ಲಲೇಬೇಡಿ. ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರತ್ತೆ, 15100ಕ್ಕೆ ಫೋನ್ ಮಾಡಿದ್ರೂ ಉಚಿತ ವಕೀಲರು ಸಿಗ್ತಾರಾ ಅಂತ ಹೇಳ್ತಾರೆ. ಮುಂದೆ ಲೋಕ ಅದಾಲತ್‌ಗೆ ಕರೀತಾರೆ, ಬೇಗ ಮುಗಿಯತ್ತೆ ನಿಜ, ಆದ್ರೆ ಅಲ್ಲಿ ಒಪ್ಕೊಂಡ ಮೇಲೆ ಅಪೀಲ್ ಇಲ್ಲ. ನಮಗೆ ಅಲ್ಲಿ ಹೇಳಿದ ಮೊತ್ತಕ್ಕೂ ಆಮೇಲೆ ಬಂದಿದ್ದಕ್ಕೂ ಎರಡು ಪಟ್ಟು ವ್ಯತ್ಯಾಸ ಇತ್ತು. ಮನೆ ನಡೆಸೋದೇ ಕಷ್ಟ ಆಗಿದ್ರೆ ಒಪ್ಕೊಳೋದು ತಪ್ಪಲ್ಲ, ಲೆಕ್ಕ ತಿಳ್ಕೊಂಡು ಒಪ್ಕೊಳಿ.

ನಾಳೆ ಬೆಳಿಗ್ಗೆ ಕಂಪ್ಲೇಂಟ್ ಎರಡು ಪ್ರತಿ ಬರ್ಕೊಂಡು ಸ್ಟೇಷನ್ನಿಗೆ ಹೋಗಿ, ಜೊತೆಗೆ ಯಾರಾದ್ರೂ ಇರ್ಲಿ, ಒಂದು ಪ್ರತಿ ಮೇಲೆ ಸೀಲು ಹಾಕಿಸ್ಕೊಳಿ. ರಾಜಿ ಮಾಡ್ಕೊಳಿ ಅಂತ ವಾಪಸ್ ಕಳಿಸಿದ್ರೆ ಅದನ್ನೇ ಸ್ಪೀಡ್ ಪೋಸ್ಟಲ್ಲಿ ಎಸ್‌ಪಿ ಆಫೀಸಿಗೆ ಕಳಿಸಿ, ರಸೀದಿ ಫೈಲಿಗೆ ಸೇರಿಸಿ. ಎಂಎಲ್‌ಸಿಲಿ ಏನಿದೆ ಅಂತ ನೋಡ್ಕೊಂಡು ಬಂದು ಇಲ್ಲೇ ಹಾಕಿ, ನನಗೆ ಗೊತ್ತಿರೋದನ್ನ ಹೇಳ್ತೀನಿ.