ಕಪ್ಪಾಗಬೇಕಾದ ಹಿತ್ತಾಳೆ ಮೊದಲು ಹೊಳೆಯಬೇಕು

ಈ ಸಲ ಬಂದ ಪತ್ರಗಳಲ್ಲಿ ಮರದ ಹಡಗಿನ ಮಾದರಿ ಕಟ್ಟುವವರದ್ದೇ ಜಾಸ್ತಿ. ಮರಕ್ಕಿಂತ ಹಿತ್ತಾಳೆಯೇ ಎಲ್ಲರನ್ನೂ ಕಾಡಿದ ಹಾಗಿದೆ. ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸಣ್ಣ ಹಿತ್ತಾಳೆ ಕೊಂಡಿ, ಬಳೆ, ಪಟ್ಟಿಗಳನ್ನು ಕಪ್ಪು ಮಾಡುವ ದ್ರಾವಣದಲ್ಲಿ ಅದ್ದಿದೆ. ಅರ್ಧ ನಿಮಿಷದಲ್ಲೇ ಚೆನ್ನಾಗಿ ಕಪ್ಪಾದವು. ಒಣಗಿದ ಮೇಲೆ ಮುಟ್ಟಿದರೆ ಮಸಿಯ ಹಾಗೆ ಕೈಗೆ ಬರುತ್ತಿದೆ, ಕೆಳಗೆ ಹಳದಿ ಕಾಣುತ್ತಿದೆ. ದ್ರಾವಣ ಹಳೆಯದಾಗಿದೆಯೇ?

ಉತ್ತರ: ದ್ರಾವಣ ಸರಿಯಾಗಿಯೇ ಇದೆ. ಅರ್ಧ ನಿಮಿಷದಲ್ಲಿ ಕಪ್ಪಾಯಿತು ಅಂತ ಬರೆದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಇದು ಬಣ್ಣದ ಹಾಗೆ ಮೇಲೆ ಬಳಿಯುವ ವಸ್ತುವಲ್ಲ. ಇಂಥ ದ್ರಾವಣಗಳಲ್ಲಿ ಹೆಚ್ಚಾಗಿ ಸೆಲೆನಿಯಸ್ ಆಮ್ಲ ಮತ್ತು ತಾಮ್ರದ ಲವಣ ಇರುತ್ತವೆ, ಅವು ಹಿತ್ತಾಳೆಯ ಮೈಯಲ್ಲೇ ಕೆಲಸ ಮಾಡಿ ಕಪ್ಪು ಪದರ ಕಟ್ಟುತ್ತವೆ. ದ್ರಾವಣ ಗಟ್ಟಿಯಾಗಿದ್ದರೆ ಪದರ ಅವಸರದಲ್ಲಿ ಬೆಳೆದು ಸಡಿಲವಾದ ಪುಡಿಯಾಗುತ್ತದೆ. ಮೈಮೇಲೆ ಎಣ್ಣೆ ಇದ್ದರಂತೂ ಹಿಡಿಯುವುದೇ ಇಲ್ಲ. ನಾನು ಕೂಡ ಮೊದಲ ಹಡಗಿನಲ್ಲಿ ಹೀಗೇ ಒಂದು ಡಬ್ಬಿ ತುಂಬ ಭಾಗಗಳನ್ನು ಹಾಳು ಮಾಡಿಕೊಂಡೆ, ಆಮೇಲೆ ಎಲ್ಲವನ್ನೂ ಉಜ್ಜಿ ಮೊದಲಿನಿಂದ ಶುರು ಮಾಡಬೇಕಾಯಿತು.

ಹೀಗೆ ಮಾಡಿ. ಬೆಸುಗೆ, ಅರ ಹಾಕುವುದು, ರಂಧ್ರ ಕೊರೆಯುವುದು ಎಲ್ಲ ಮುಗಿದ ಮೇಲೇ ಕಪ್ಪು ಮಾಡುವ ಕೆಲಸಕ್ಕೆ ಇಳಿಯಿರಿ. ಮೊದಲು ಅಸಿಟೋನ್‌ನಲ್ಲಿ ತೊಳೆಯಿರಿ, ಯಾಕೆಂದರೆ ಎಷ್ಟೋ ಭಾಗಗಳ ಮೇಲೆ ಕಾರ್ಖಾನೆಯಲ್ಲೇ ಕಣ್ಣಿಗೆ ಕಾಣದ ಲ್ಯಾಕರ್ (ಮೈ ಕಾಯುವ ತೆಳು ಲೇಪ) ಹಾಕಿರುತ್ತಾರೆ. ಆಮೇಲೆ 600 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹಗುರವಾಗಿ ಉಜ್ಜಿ. ನಂತರ ಬೆಚ್ಚಗಿನ ನೀರಿಗೆ ಸಿಟ್ರಿಕ್ ಆಮ್ಲ ಹಾಕಿ ಕೆಲವು ನಿಮಿಷ ನೆನೆಸಿ. ಕಬ್ಬಿಣದ ಚಿಮುಟವನ್ನು ಮಾತ್ರ ಅದರೊಳಗೆ ಇಳಿಸಬೇಡಿ. ಆಮ್ಲದಲ್ಲಿ ಕರಗಿರುವ ತಾಮ್ರ, ಕಬ್ಬಿಣ ಸೇರಿದ ತಕ್ಷಣ ನಿಮ್ಮ ಹಿತ್ತಾಳೆಯ ಮೇಲೆ ಬಂದು ಕೂತು ಅದನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುತ್ತದೆ. ಪ್ಲಾಸ್ಟಿಕ್ ಅಥವಾ ಬಿದಿರಿನ ಚಿಮುಟ ಸಾಕು. ತೊಳೆದ ಭಾಗದ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿಕೊಂಡರೆ ಎಣ್ಣೆ ಪೂರ್ತಿ ಹೋಗಿದೆ ಅಂತ ಅರ್ಥ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು.

ದ್ರಾವಣದ ಒಂದು ಪಾಲಿಗೆ ಐದಾರು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ. ಅದ್ದಿ, ಕಂದು ಬಣ್ಣ ಬರುತ್ತಲೇ ತೆಗೆದು ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಗಟ್ಟಿಯಾದ ಕಪ್ಪು ಸಿಗುತ್ತದೆ. ಕೊನೆಗೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಮೇಣ ಅಥವಾ ಹೊಳಪಿಲ್ಲದ ಲ್ಯಾಕರ್ ಹಚ್ಚಿ. ತವರದ ಬೆಸುಗೆ ಇರುವ ಕಡೆ ಕಪ್ಪು ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿ ಬೆಳ್ಳಗೆ ಗೆರೆ ಉಳಿಯುತ್ತದೆ. ಹಾಗಾಗಿ ಬೆಸುಗೆ ಕಡಿಮೆ ಹಾಕಿ, ಹೆಚ್ಚಾದದ್ದನ್ನು ಕೆರೆದು ತೆಗೆಯಿರಿ. ಬೆಳ್ಳಿ ಬೆಸುಗೆ ಇದಕ್ಕಿಂತ ಚೆನ್ನಾಗಿ ಕಪ್ಪಾಗುತ್ತದೆ. ಸೆಲೆನಿಯಂ ವಿಷ ಎನ್ನುವುದನ್ನು ಮರೆಯಬೇಡಿ. ಕೈಗವಸು ಬೇಕೇ ಬೇಕು, ಕಿಟಕಿ ತೆರೆದಿರಬೇಕು, ಅಡುಗೆ ಪಾತ್ರೆ ಬಳಸಬಾರದು.

ಪ್ರಶ್ನೆ: ಕಿಟ್‌ನಲ್ಲಿ ಬಂದ ಹಿತ್ತಾಳೆ ಫಿರಂಗಿಗಳು ಎಷ್ಟು ಚೆನ್ನಾಗಿ ಹೊಳೆಯುತ್ತವೆ! ಅವನ್ನೂ ಕಪ್ಪು ಮಾಡಲೇಬೇಕೇ? ಮನಸ್ಸು ಬರುತ್ತಿಲ್ಲ. ಹಡಗಿನ ತಳಕ್ಕೆ ತಾಮ್ರದ ಹೊದಿಕೆಯೂ ಬೇಕೇ?

ಉತ್ತರ: ನಿಮ್ಮ ಹಡಗು ಯಾವ ಕಾಲದ್ದು ಅಂತ ಮೊದಲು ನೋಡಿ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಿದ ಸ್ವೀಡನ್ನಿನ ವಾಸಾ ಹಡಗಿನ ಫಿರಂಗಿಗಳಲ್ಲಿ ಹೆಚ್ಚಿನವು ಕಂಚಿನವು. ಅಂಥ ಹಡಗಿಗೆ ಲೋಹದ ಬಣ್ಣ ಒಪ್ಪುತ್ತದೆ, ಆದರೆ ಕನ್ನಡಿಯ ಹೊಳಪು ಬೇಡ. 800 ನಂಬರಿನ ಕಾಗದದಿಂದ ಹೊಳಪು ತಗ್ಗಿಸಿ, ಕಪ್ಪು ದ್ರಾವಣವನ್ನು ಇನ್ನೂ ತೆಳು ಮಾಡಿ ಒಂದೇ ಸಲ ಅದ್ದಿ ತೆಗೆಯಿರಿ, ಹಳೆಯ ಕಂಚಿನ ಕಂದು ಬಣ್ಣ ಬರುತ್ತದೆ. 1765ರಲ್ಲಿ ನೀರಿಗಿಳಿದ ಬ್ರಿಟನ್ನಿನ ವಿಕ್ಟರಿ ಹಡಗು 1805ರ ಟ್ರಫಾಲ್ಗರ್ ಕದನದಲ್ಲಿ ಹೊತ್ತಿದ್ದು ಎರಕದ ಕಬ್ಬಿಣದ ಫಿರಂಗಿಗಳನ್ನು. ಅದರ ಮಾದರಿಯಲ್ಲಿ ಚಿನ್ನದ ಹಾಗೆ ಹೊಳೆಯುವ ಫಿರಂಗಿ ಸಾಲು ಇಟ್ಟರೆ ನಿಮ್ಮ ಉಳಿದ ಕೆಲಸದ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಇದು ನನ್ನ ಅಭಿಪ್ರಾಯ, ಆದರೆ ಗಟ್ಟಿ ಅಭಿಪ್ರಾಯ. ಹಗ್ಗ ಬಿಗಿಯುವ ಕಬ್ಬಿಣದ ಪಟ್ಟಿ, ಬಳೆಗಳಿಗೂ ಇದೇ ಮಾತು. ನಿಜವಾದ ಹಡಗಿನಲ್ಲಿ ಅವು ಕಬ್ಬಿಣ, ಹಿತ್ತಾಳೆ ನಮ್ಮ ಅನುಕೂಲಕ್ಕೆ ಬಂದದ್ದು ಅಷ್ಟೇ.

ತಳದ ತಾಮ್ರದ ಹೊದಿಕೆ ಬಗ್ಗೆಯೂ ಕೇಳಿದ್ದೀರಿ. ಬ್ರಿಟಿಷ್ ನೌಕಾಪಡೆ ಅದನ್ನು 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮೇಲೆ ಪ್ರಯೋಗ ಮಾಡಿ ನೋಡಿತು. ನಿಮ್ಮ ಮಾದರಿ ಅದಕ್ಕಿಂತ ಹಳೆಯ ಯುದ್ಧನೌಕೆಯದಾದರೆ ತಾಮ್ರ ಹಾಕಬೇಡಿ. ಹಾಕುವುದಾದರೆ ಆಗಿನ ತಗಡು 4 ಅಡಿ ಉದ್ದ, 14 ಇಂಚು ಅಗಲ ಇತ್ತು. 1:64 ಅಳತೆಯಲ್ಲಿ ಸುಮಾರು 19 ಮಿಲಿಮೀಟರ್ ಉದ್ದ, ಐದೂವರೆ ಮಿಲಿಮೀಟರ್ ಅಗಲ ಬರುತ್ತದೆ.

ಪ್ರಶ್ನೆ: ಹಿತ್ತಾಳೆ ಪಟ್ಟಿ ಬಗ್ಗಿಸುವಾಗ ತುಂಡಾಗುತ್ತದೆ. ಏನು ಮಾಡಲಿ?

ಉತ್ತರ: ಹದ ಮಾಡಿಕೊಳ್ಳಿ. ಬಗ್ಗಿಸಿದಷ್ಟೂ, ಬಡಿದಷ್ಟೂ ಹಿತ್ತಾಳೆ ಗಡಸಾಗುತ್ತಾ ಹೋಗುತ್ತದೆ. ಕತ್ತಲೆ ಇರುವ ಕಡೆ ಸಣ್ಣ ಉರಿಯಲ್ಲಿ ಮಂಕಾದ ಕೆಂಪು ಬರುವ ತನಕ ಕಾಯಿಸಿ ಆರಲು ಬಿಡಿ, ಮೆತ್ತಗಾಗುತ್ತದೆ. ಇನ್ನೂ ಜಾಸ್ತಿ ಕಾಯಿಸಿದರೆ ಕರಗಿಯೇ ಹೋಗಬಹುದು. ಬಗ್ಗಿಸಿದ ಹಿತ್ತಾಳೆಗೆ ಅಮೋನಿಯ ಇರುವ ಪಾಲಿಶ್ ಹಾಕಬೇಡಿ. ಒಳಗೆ ಬಿಗುವು ಉಳಿದಿರುತ್ತದೆ, ಅಮೋನಿಯ ತಾಗಿದರೆ ಬಿರುಕು ಬಿಡುತ್ತದೆ.

ಪ್ರಶ್ನೆ: ಹತ್ತು ವರ್ಷ ಹಿಂದೆ ಕಟ್ಟಿದ ಹಡಗು ಗಾಜಿನ ಪೆಟ್ಟಿಗೆಯಲ್ಲಿದೆ. ಹಿತ್ತಾಳೆ ಭಾಗ ಚೆನ್ನಾಗಿದೆ. ಎರಕದ ಲಂಗರು, ಸಣ್ಣ ದೋಣಿಗಳ ಮೇಲೆ ಮಾತ್ರ ಬಿಳಿ ಪುಡಿ ಬರುತ್ತಿದೆ. ಬೂಷ್ಟೇ?

ಉತ್ತರ: ಬೂಷ್ಟು ಇರಲಿಕ್ಕಿಲ್ಲ. ಆ ಭಾಗಗಳಲ್ಲಿ ಸೀಸ ಇದ್ದಿರಬೇಕು. ಮರ, ಅದರಲ್ಲೂ ಓಕ್, ನಿಧಾನವಾಗಿ ಆಮ್ಲದ ಆವಿ ಬಿಡುತ್ತಲೇ ಇರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಮೇಲೆ ಬಣ್ಣ ಬಳಿದರೆ ಇದು ನಿಲ್ಲುವುದಿಲ್ಲ. ಸೀಸದ ಪುಡಿಯೂ ವಿಷವೇ, ಊದಬೇಡಿ, ಕೈಗವಸು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಭಾಗಗಳನ್ನು ತೆಗೆದುಹಾಕಿ. ಲಂಗರನ್ನು ಹಿತ್ತಾಳೆಯಲ್ಲಿ, ದೋಣಿಯನ್ನು ಮರದಲ್ಲಿ ಹೊಸದಾಗಿ ಮಾಡಿಕೊಳ್ಳಿ, ಇಷ್ಟು ದೊಡ್ಡ ಹಡಗು ಕಟ್ಟಿದವರಿಗೆ ಅದು ಕಷ್ಟವಲ್ಲ. ಪೆಟ್ಟಿಗೆಯ ಕೆಳಗೊಂದು ಮೇಲೊಂದು ಸಣ್ಣ ರಂಧ್ರ ಕೊರೆದು, ದೂಳು ಬರದಂತೆ ತೆಳು ಬಟ್ಟೆ ಅಂಟಿಸಿ. ಗಾಳಿ ಆಡಿದರೆ ಸಾಕು.